ತೋಟ ಇರುವವರಿಗೆ ಈ ವರ್ಷದ ಓದು

ಅಣ್ಣಾ, ಕಥೆ-ಕಾದಂಬರಿ ಬೇಡ, ತೋಟದವರಿಗೆ ಒದಗುವಂಥ ಈ ವರ್ಷದ ಒಳ್ಳೆಯ ಪುಸ್ತಕ ಹೇಳಿ ಅಂತ ಕೇಳಿದ್ದೀರಿ. ಈ ವರ್ಷವೇ ಅಚ್ಚಾಗಿರಬೇಕು ಅಂತ ಹಟ ಬೇಡ. ನಾನು ಈ ವರ್ಷ ಓದಿದ್ದರಲ್ಲಿ ಮನಸ್ಸಲ್ಲಿ ಉಳಿದದ್ದನ್ನು ಹೇಳ್ತೇನೆ.

ಮೊದಲು ಮರ್ಲಿನ್ ಶೆಲ್ಡ್ರೇಕ್ ಅವರ ‘ಎಂಟ್ಯಾಂಗಲ್ಡ್ ಲೈಫ್’. 2020ರ ಇಂಗ್ಲಿಷ್ ಪುಸ್ತಕ, 2021ರಲ್ಲಿ ರಾಯಲ್ ಸೊಸೈಟಿಯ ವಿಜ್ಞಾನ ಪುಸ್ತಕ ಬಹುಮಾನ ಬಂತು. ಪೂರ್ತಿ ಶಿಲೀಂಧ್ರಗಳದ್ದೇ ಮಾತು. ಅಡಿಕೆಯವರಿಗೆ ಶಿಲೀಂಧ್ರ ಅಂದಕೂಡಲೇ ಕೊಳೆರೋಗ, ಅದಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೆನಪಾಗುತ್ತೆ. (ಕೊಳೆ ತರುವ ಫೈಟಾಫ್ತೊರಾ ನಿಜಕ್ಕೂ ಶಿಲೀಂಧ್ರ ಅಲ್ಲ, ಕಂದು ಪಾಚಿಗಳ ಹತ್ತಿರದ ಕುಲ.) ಆದರೆ ಬೇರಿನೊಳಗೆ ಹೊಕ್ಕು ಬಾಳುವ ಮೈಕೊರೈಜಾ ಎಂಬ ಶಿಲೀಂಧ್ರದ್ದು ಬೇರೆಯೇ ಲೋಕ. ಬೇರು ತೂರಲಾರದ ಮಣ್ಣಿನ ಸಂದಿಯಿಂದ ರಂಜಕ ತಂದುಕೊಡುತ್ತೆ, ಗಿಡ ಅದಕ್ಕೆ ಸಕ್ಕರೆ ಕೊಡುತ್ತೆ. ರಂಜಕದ ಗೊಬ್ಬರ ಅತಿಯಾದರೆ ಈ ಕೊಡು-ಕೊಳ್ಳುವಿಕೆ ಸೊರಗುತ್ತೆ. ಪದೇ ಪದೇ ಅಗೆದರೆ ಈ ಶಿಲೀಂಧ್ರದ ಎಳೆಗಳು ಕಡಿದುಹೋಗುತ್ತವೆ. ಮೈಕೊರೈಜಾ ಪ್ಯಾಕೆಟ್ ಕೊಳ್ಳೋಕೆ ಮೊದಲು, ಮಣ್ಣಲ್ಲಿ ಇರೋದನ್ನು ನಾವೇ ಕೊಲ್ಲುತ್ತಿದ್ದೀವಾ ಅಂತ ನೋಡಿಕೊಳ್ಳಿ.

ಜಪಾನಿನ ರೈತ ಫುಕುವೊಕಾ ಅವರ ‘ಒಂದು ಹುಲ್ಲಿನ ಕ್ರಾಂತಿ’ ಹೆಸರು ಎಲ್ಲರಿಗೂ ಗೊತ್ತು, ಓದಿದವರು ಕಡಿಮೆ. ‘ಏನೂ ಮಾಡದ ಕೃಷಿ’ ಅಂತ ನಮ್ಮ ರೈತರ ಗುಂಪಲ್ಲಿ ವಾದ ನಡೀತಾನೇ ಇರುತ್ತಲ್ಲ, ಅವರೆಲ್ಲ ಓದಬೇಕು. ಕೊಂಬೆ ಸವರಿ ಬೆಳೆಸಿದ್ದ ಕಿತ್ತಳೆ ಜಾತಿಯ ಮರಗಳನ್ನು ಸವರದೆ ಬಿಟ್ಟಾಗ ಕೊಂಬೆಗೆ ಕೊಂಬೆ ಸಿಕ್ಕಿಕೊಂಡು, ಹುಳ ಬಿದ್ದು, ತೋಟವೇ ಹೋಯಿತು ಅಂತ ಅವರೇ ಬರೆದಿದ್ದಾರೆ. ಸಹಜ ಕೃಷಿ ಬೇರೆ, ಕೈಬಿಡೋದು ಬೇರೆ. ಭತ್ತ ಇನ್ನೂ ನಿಂತಿರುವಾಗಲೇ ಬಾರ್ಲಿ ಮತ್ತು ಕ್ಲೋವರ್ ಎಂಬ ಹಸಿರುಗೊಬ್ಬರದ ಗಿಡದ ಬೀಜ ಎರಚಿ, ಕೊಯ್ಲಾದ ಮೇಲೆ ಹುಲ್ಲನ್ನೆಲ್ಲ ಗದ್ದೆಗೇ ಹರಡುತ್ತಿದ್ದರು. ಅದಕ್ಕೆ ದಿನ ತಪ್ಪದ ಲೆಕ್ಕಾಚಾರ ಬೇಕು. ಜಪಾನಿನ ಶಿಕೊಕು ದ್ವೀಪದ ಹವೆಗೆ ಹೊಂದಿದ ಕ್ರಮ ಅದು, ನಮ್ಮ ಮಳೆಗೆ ಹಾಗೇ ನಕಲು ಮಾಡಬೇಡಿ.

ಕನ್ನಡದ್ದೇ ಬೇಕು ಅಂದರೆ ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ನೆಲಗಡಲೆ, ಗೇರು, ಸೀಬೆ ಯಾವುದೂ ಮೂಲದಲ್ಲಿ ಇಲ್ಲಿಯದಲ್ಲ. ಹಸಿಮೆಣಸು ಬರೋಕೆ ಮುಂಚೆ ನಮ್ಮ ಅಡುಗೆಯ ಖಾರಕ್ಕೆ ಹೆಚ್ಚಾಗಿ ಕಾಳುಮೆಣಸೇ ಗತಿ. ಸಸ್ಯವಿಜ್ಞಾನಿ ಬರೆದದ್ದು, ಆದರೂ ಪಾಠದ ವಾಸನೆ ಇಲ್ಲ, ಹರಟೆಯ ಹದ ಇದೆ. ಅವರ ‘ಹಸುರು ಹೊನ್ನು’ಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ, ಇದಾದ ಮೇಲೆ ಅದನ್ನೂ ಓದಿ.

ಒಂದೇ ಕೊಳ್ಳೋದಾದರೆ ಸ್ವಾಮಿಯವರದ್ದು ತಗೊಳ್ಳಿ, ಮನೆಮಂದಿಯೆಲ್ಲ ಓದಬಹುದು. ಮನೇಲಿ ಕೃಷಿ ಕಾಲೇಜಿಗೆ ಹೋಗೋ ಮಕ್ಕಳಿದ್ದರೆ ಅವರಿಗೆ ಶೆಲ್ಡ್ರೇಕ್ ಪುಸ್ತಕ ಕೊಡಿಸಿ, ಅರ್ಥವಾಗದ ಕಡೆ ಅವರ ಹತ್ತಿರವೇ ಓದಿಸಿ ಕೇಳಿ.