ಕ್ಲಾಕ್ ಸಂಕೇತ ಸೊರಗಿದ್ದೆಲ್ಲಿ?

ಪ್ರಶ್ನೆ: ಅಡಿಕೆ ತೋಟದ ಪಂಪನ್ನು ಹೊತ್ತಿಗೆ ಸರಿಯಾಗಿ ಚಾಲೂ ಮಾಡುವುದಕ್ಕೆಂದು ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ (ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಕಂಪ್ಯೂಟರ್) ಚಿಪ್ಪಿನ ಬೋರ್ಡೊಂದನ್ನು ಸಿದ್ಧಪಡಿಸುತ್ತಿದ್ದೇನೆ. 8 ಮೆಗಾಹರ್ಟ್ಸ್ ಕ್ರಿಸ್ಟಲಿನ ಕ್ಲಾಕನ್ನು (ಚಿಪ್ಪಿಗೆ ತಾಳ ಕೊಡುವ ಸಂಕೇತ) ಪಿಎ8 ಪಿನ್ನಿಗೆ ತಂದು ಹಳೆಯ 20 ಮೆಗಾಹರ್ಟ್ಸ್ ಆಸಿಲೋಸ್ಕೋಪಿನಲ್ಲಿ ನೋಡಿದರೆ, ಚೌಕ ಅಲೆಯ ಬದಲು ಒಂದು ವೋಲ್ಟೂ ಇಲ್ಲದ ಗುಡ್ಡದಂಥ ಅಲೆ ಕಾಣುತ್ತದೆ. ಅದೇ ಪಿನ್ನಿನಲ್ಲಿ ಟೈಮರಿನಿಂದ 1 ಕಿಲೋಹರ್ಟ್ಸ್ ಹೊರಡಿಸಿದರೆ 3.3 ವೋಲ್ಟ್ ಪೂರ್ತಿ ಬರುತ್ತದೆ. ಚಿಪ್ ನಕಲಿಯೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ನಕಲಿ ಚಿಪ್ಪುಗಳು ಪೇಟೆಯಲ್ಲಿ ಇಲ್ಲವೆಂದಲ್ಲ, ಆದರೆ ನಿಮ್ಮ ವಿವರಣೆಯನ್ನು ಓದಿದಾಗ ಮೊದಲು ಅನುಮಾನ ಬರುವುದು ಸ್ಕೋಪಿನ ಪ್ರೋಬಿನ, ಎಂದರೆ ಪಿನ್ನಿಗೆ ಮುಟ್ಟಿಸುವ ಕಡ್ಡಿಯ ಮೇಲೆ. ಅದರ ಹಿಡಿಯಲ್ಲಿರುವ ಸ್ವಿಚ್ 1ಎಕ್ಸ್‌ನಲ್ಲಿದ್ದರೆ ಕೇಬಲ್ ಮತ್ತು ಸ್ಕೋಪ್ ಸೇರಿ ಸುಮಾರು 100 ಪಿಕೋಫ್ಯಾರಡ್ ಕೆಪಾಸಿಟೆನ್ಸನ್ನು (ವಿದ್ಯುದಾವೇಶ ಹಿಡಿದಿಡುವ ಗುಣ) ಪಿನ್ನಿನ ಮೇಲೆ ಹೇರುತ್ತವೆ. ಇದು 1 ಕಿಲೋಹರ್ಟ್ಸಿಗೆ ಸುಮಾರು 16 ಲಕ್ಷ ಓಮ್ ತಡೆ, ಎಂದರೆ ಇಲ್ಲವೆನ್ನುವಷ್ಟು ಹಗುರ. 8 ಮೆಗಾಹರ್ಟ್ಸಿಗೆ ಮಾತ್ರ ಬರೇ 200 ಓಮ್, ಎಂದರೆ ಭಾರೀ ಹೊರೆ. ಸ್ವಿಚ್ಚನ್ನು 10ಎಕ್ಸ್‌ಗೆ ಸರಿಸಿದರೆ ಹೊರೆ ಹತ್ತು ಹನ್ನೆರಡು ಪಿಕೋಫ್ಯಾರಡಿಗೆ ಇಳಿಯುತ್ತದೆ. ಹಾಗೆ ಸರಿಸಿದ ಮೇಲೆ ಸ್ಕೋಪಿನದೇ ಕ್ಯಾಲಿಬ್ರೇಶನ್ ಸಂಕೇತಕ್ಕೆ ಪ್ರೋಬನ್ನು ಹಚ್ಚಿ, ಅಲೆಯ ಮೂಲೆಗಳು ನೇರವಾಗುವವರೆಗೆ ಪ್ರೋಬಿನ ಟ್ರಿಮ್ಮರನ್ನು (ಹೊಂದಿಸುವ ಪುಟ್ಟ ಸ್ಕ್ರೂ) ತಿರುಗಿಸಿ. ಗ್ರೌಂಡ್ ತಂತಿಯನ್ನೂ ಆದಷ್ಟು ಗಿಡ್ಡವಾಗಿರಿಸಿ.

ಎರಡನೆಯ ಕಾರಣ ಪ್ರೋಗ್ರಾಮಿನಲ್ಲಿ ಅಡಗಿರುತ್ತದೆ. ಈ ಚಿಪ್ಪಿನಲ್ಲಿ ಪಿನ್ನಿನ ವೇಗವನ್ನು 2, 10 ಅಥವಾ 50 ಮೆಗಾಹರ್ಟ್ಸ್ ಎಂದು ನಿಗದಿಪಡಿಸಬೇಕು. ಅದು 2ರಲ್ಲಿದ್ದರೆ, 50 ಪಿಕೋಫ್ಯಾರಡ್ ಹೊರೆಯಲ್ಲಿ ಸಂಕೇತ ಮೇಲೇರುವುದಕ್ಕೇ 125 ನ್ಯಾನೊಸೆಕೆಂಡಿನವರೆಗೆ ಹಿಡಿಯಬಹುದು; ನಿಮ್ಮ ಕ್ಲಾಕಿನ ಇಡೀ ಒಂದು ಸುತ್ತು ಮುಗಿಯುವುದೂ ಅಷ್ಟರಲ್ಲೇ. ಅರ್ಧ ಹತ್ತುವಷ್ಟರಲ್ಲಿ ಇಳಿಯಬೇಕಾದ ಅಲೆ ಗುಡ್ಡದಂತೆ ಕಾಣದೆ ಇನ್ನೇನಾದೀತು? ವೇಗವನ್ನು 50ಕ್ಕೆ ಏರಿಸಿ.

ಇಷ್ಟಾದರೂ ಚೂಪಾದ ಚೌಕವನ್ನು ನಿರೀಕ್ಷಿಸಬೇಡಿ. ಚೌಕ ಅಲೆಗೆ ಮೂಲೆಗಳನ್ನು ಕೊಡುವುದು ಅದರ 3, 5 ಪಟ್ಟು ವೇಗದ, ಎಂದರೆ 24, 40 ಮೆಗಾಹರ್ಟ್ಸಿನ ಹಾರ್ಮೋನಿಕ್‌ಗಳು. 20 ಮೆಗಾಹರ್ಟ್ಸ್ ಸ್ಕೋಪ್ ಅವನ್ನು ಬಹುಪಾಲು ನುಂಗಿಬಿಡುತ್ತದೆ. ಕ್ರಿಸ್ಟಲಿನ ಕಾಲಿಗೇ ಪ್ರೋಬ್ ಹಚ್ಚುವ ಆಸೆಯನ್ನಂತೂ ಬಿಡಿ, ಆ ಹೊರೆಗೆ ಆಂದೋಲನವೇ ನಿಂತುಹೋಗಬಹುದು. ನಮ್ಮ ಕಡೆಯ ಮಳೆಗಾಲದಲ್ಲಿ, ಆ ಕಾಲುಗಳ ನಡುವೆ ಉಳಿದ ಬೆಸುಗೆಯ ಫ್ಲಕ್ಸ್ ತೇವ ಹೀರಿಕೊಂಡರೂ ಇದೇ ತೊಂದರೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದಿಡಿ.

ಕ್ರಿಸ್ಟಲ್ ನಿಜಕ್ಕೂ ಓಡುತ್ತಿದೆಯೇ ಎಂದು ತಿಳಿಯಲು ಅಲೆಯ ಎತ್ತರ ಬೇಕಿಲ್ಲ. ನಿಮ್ಮ 1 ಕಿಲೋಹರ್ಟ್ಸ್ ಸಂಕೇತವನ್ನೇ ಫ್ರೀಕ್ವೆನ್ಸಿ ಅಳೆಯುವ ಒಳ್ಳೆಯ ಮಲ್ಟಿಮೀಟರಿನಲ್ಲಿ ನೋಡಿ. ಐದು ಹತ್ತು ಹರ್ಟ್ಸ್ ಆಚೀಚೆ ಇದ್ದರೆ ಚಿಪ್ ಕ್ರಿಸ್ಟಲನ್ನು ಬಿಟ್ಟು ತನ್ನ ಒಳಗಿನ, ಅಷ್ಟು ನಿಖರವಲ್ಲದ ಆರ್‌ಸಿ ಆಂದೋಲಕದಲ್ಲಿ ನಡೆಯುತ್ತಿದೆಯೆಂದೇ ಶಂಕಿಸಬೇಕು. ಶೇಕಡಾ 1ರ ಆ ತಪ್ಪಿನಿಂದ ನಿಮ್ಮ ಪಂಪಿನ ಹೊತ್ತು ದಿನಕ್ಕೆ 14 ನಿಮಿಷ ತಪ್ಪುತ್ತದೆ.