ಮಳೆಗಾಲ ಬಂದ್ರೆ ಅಪ್ಪ ಮಲಗುದೇ ಇಲ್ಲ

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಉಳ್ಳಾಲದ ಹತ್ರ ಕಡಲ ಬದಿಯಲ್ಲೇ. ಅಂಗಳದಾಚೆ ಇದ್ದ ತೆಂಗಿನ ಮರ ಒಂದೊಂದೇ ನೀರಿಗೆ ಹೋಯ್ತು, 2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅಡಿಗೆ ಕೋಣೆಯ ಗೋಡೆಯೂ ಬಿತ್ತು. ಅಲ್ಲಿಂದ ಜೂನ್ ಬಂದ್ರೆ ಅಪ್ಪ ರಾತ್ರಿಯಿಡೀ ಟಾರ್ಚ್ ಹಿಡ್ಕೊಂಡು ಜಗಲಿಯಲ್ಲಿ ಕೂತಿರ್ತಾರೆ, ಊಟ ಸೇರುದಿಲ್ಲ, ಮಾತಾಡಿಸಿದ್ರೆ ಸಿಟ್ಟು. 40 ವರ್ಷ ಮೀನಿಗೆ ಹೋದವರು. ನೆಂಟರು ತಲೆ ಸರಿ ಇಲ್ಲ ಅಂತಾರೆ. ಹೌದಾ?

ಉತ್ತರ: ಇಲ್ಲಮ್ಮ, ನೆಂಟರ ಆ ಮಾತನ್ನು ಮನೆಯೊಳಗೆ ಬಿಟ್ಕೊಳ್ಬೇಡಿ. ಗೋಡೆ ಬಿದ್ದದ್ದನ್ನು ಕಣ್ಣಾರೆ ನೋಡಿದ ಮನುಷ್ಯ ಅಲೆಯ ಶಬ್ದ ಜಾಸ್ತಿ ಆದ ಕೂಡ್ಲೇ ಎದ್ದು ಕೂರುದು ಸಹಜ, ಮೈ ಆ ರಾತ್ರಿಯನ್ನು ಮರೆತಿರುದಿಲ್ಲ. 2020ರ ಸೆಪ್ಟೆಂಬರ್ ನೆರೆ ಕಂಡ ಉಡುಪಿಯವರೂ ನನ್ನ ಹತ್ರ ಇದನ್ನೇ ಹೇಳಿದ್ದಾರೆ, ಜೋರು ಮಳೆ ಬಂದ್ರೆ ಎದ್ದು ಹೊಸ್ತಿಲು ನೋಡಿ ಬರ್ತಾರಂತೆ.

ಆದ್ರೆ ನಿಮ್ಮಪ್ಪನಿಗೆ ಹೆದರಿಕೆಗಿಂತ ದುಃಖ ಜಾಸ್ತಿ ಅಂತ ನನಗೆ ಕಾಣ್ತದೆ. ಆಸ್ಟ್ರೇಲಿಯಾದಲ್ಲಿ ಕಲ್ಲಿದ್ದಲು ಗಣಿಗೆ ಊರಿನ ನೆಲವೇ ಹೋದಾಗ ಅಲ್ಲಿನವರ ಸಂಕಟ ನೋಡಿ ಗ್ಲೆನ್ ಆಲ್ಬ್ರೆಕ್ಟ್ ಅನ್ನುವವರು 2003ರಲ್ಲಿ ಅದಕ್ಕೆ ಸೋಲಾಸ್ಟಾಲ್ಜಿಯಾ ಅಂತ ಹೆಸರಿಟ್ರು. ಊರು ಬಿಟ್ಟು ಮುಂಬೈಗೆ ಹೋದವರಿಗೆ ಊರಿನ ನೆನಪು ಕಾಡ್ತದಲ್ಲ, ಇದು ಹಾಗಲ್ಲ, ನಾವು ಮನೆಯಲ್ಲೇ ಕೂತಿರ್ತೇವೆ, ಊರೇ ನಮ್ಮನ್ನು ಬಿಟ್ಟು ಹೋಗ್ತಾ ಇರ್ತದೆ. ಅರಬ್ಬಿ ಸಮುದ್ರ ಬಿಸಿಯಾಗ್ತಾ ಉಂಟು, ಚಂಡಮಾರುತದ ಬಲವೂ ಜಾಸ್ತಿ ಆಗಿದೆ, ಹಾಗಾಗಿ ಅನ್ನ ಕೊಟ್ಟ ಕಡಲೇ ಹೀಗೆ ಮಾಡ್ತದಲ್ಲ ಅನ್ನುದು ಅವರಿಗೆ ತಡ್ಕೊಳ್ಲಿಕ್ಕೆ ಆಗ್ತಾ ಇಲ್ಲ.

ಎಂತ ಆಗುದಿಲ್ಲ ಮಲಗಿ ಅಂತ ಮಾತ್ರ ಹೇಳ್ಬೇಡಿ, ಅದು ನಿಜ ಅಲ್ಲ ಅಂತ ಅವರಿಗೆ ಗೊತ್ತುಂಟು. ಕಾವಲು ಹಂಚಿಕೊಳ್ಳಿ. 12 ಗಂಟೆವರೆಗೆ ಅವರು, ಆಮೇಲೆ ನೀವು, ನೀರು ಏರಿದ್ರೆ ಖಂಡಿತ ಎಬ್ಬಿಸ್ತೇನೆ ಅಂತ ಮಾತು ಕೊಟ್ಟು ಹಾಗೇ ನಡ್ಕೊಳ್ಳಿ. ರೇಶನ್ ಕಾರ್ಡು, ಜಾಗದ ಪತ್ರ, ಮಾತ್ರೆ ಒಂದು ಚೀಲದಲ್ಲಿ ಕಟ್ಟಿಡಿ, ಯಾರ ಮನೆಗೆ ಹೋಗುದು ಅಂತ ಅವರನ್ನೇ ಕೇಳಿ ಈಗಲೇ ತೀರ್ಮಾನ ಮಾಡಿ. ಹಗಲು ಆ ಮರಗಳ ಮಾತು ತೆಗೆದ್ರೆ ಪೂರ್ತಿ ಕೇಳಿ, ಅತ್ರೆ ಅಳ್ಲಿ.

ನಿದ್ದೆ ಊಟ ಎರಡು ವಾರ ಹೀಗೇ ಆದ್ರೆ ಡಾಕ್ಟರಿಗೆ ತೋರಿಸಿ. ಬದುಕಿ ಎಂತ ಪ್ರಯೋಜನ ಅನ್ನುವ ಮಾತು ಬಂದ್ರೆ ಒಂದು ದಿನವೂ ಕಾಯ್ಬೇಡಿ. ಮನಸ್ಸಿನ ತೊಂದರೆಗೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಉಂಟು, ನಂಬರ್ 14416, ದುಡ್ಡು ಕೊಡ್ಲಿಕ್ಕಿಲ್ಲ, ರಾತ್ರಿಯೂ ಸಿಗ್ತಾರೆ, ಕನ್ನಡದಲ್ಲೇ ಮಾತಾಡ್ಬಹುದು. ಅಪ್ಪ ಬರುದಿಲ್ಲ ಅಂದ್ರೆ ನಿದ್ದೆಗೆ ಒಮ್ಮೆ ತೋರಿಸುವ ಅಂತ ಕರೀರಿ, ಅದು ಸುಳ್ಳೂ ಅಲ್ಲ.