ಕತ್ತಿನ ಆಪರೇಷನ್ ಆದ್ಮೇಲೆ ಕೆನ್ನೆಗೆ ಕರೆಂಟ್ ಹೊಡೆದಂಗೆ ನೋವು

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಂಗೆ 47 ವರ್ಷ, ದಾವಣಗೆರೇಲಿ ಮನೇಲೇ ಟೈಲರಿಂಗ್ ಮಾಡ್ತೀನಿ. ಬಲಗೈ ಜೋಮು ಹಿಡಿದು ಸೂಜಿನೂ ಹಿಡಿಯಕ್ಕಾಗ್ದೆ ಸಂಕ್ರಾಂತಿ ಆದ್ಮೇಲೆ ಕತ್ತಿನ ಆಪರೇಷನ್ ಮಾಡಿಸ್ಕೊಂಡೆ, ಮುಂದ್ಗಡೆಯಿಂದ ಕೊಯ್ದು ಸಿ5-ಸಿ6 ಅಂದ್ರೆ ಕತ್ತಿನ ಐದನೇ-ಆರನೇ ಮೂಳೆ ಮಧ್ಯದ ಡಿಸ್ಕ್ ತೆಗೆದು ಪ್ಲೇಟ್ ಹಾಕಿದಾರೆ. ಕೈ ಸರಿಹೋಯ್ತು. ಆದ್ರೆ ಸ್ವಲ್ಪ ದಿನಕ್ಕೆ ಬಲಗಡೆ ಹಿಂದಲೆಯಿಂದ ಹತ್ತಿ ಕಣ್ಣಿನ ಮೇಲಿನತನಕ ತಲೆನೋವು ಶುರುವಾಯ್ತು, ಈಗೀಗ ಹಲ್ಲುಜ್ಜುವಾಗ, ತಣ್ಣನೆ ಗಾಳಿ ಬಡಿದಾಗ ಬಲಗೆನ್ನೆಗೆ ಕರೆಂಟ್ ಹೊಡೆದಂಗಾಗುತ್ತೆ. ಆಪರೇಷನ್ ಮಾಡಿದೋರು ಪ್ಲೇಟ್ ಚೆನ್ನಾಗಿ ಕೂತಿದೆ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂದ್ರು. ಮನೆಯೋರು ಹಲ್ಲು ಕೀಳ್ಸು ಅಂತಾರೆ. ದಿನಾ ಮೆಡಿಕಲ್ ಶಾಪಿಂದ ನೋವಿನ ಮಾತ್ರೆ ತಂದು ನುಂಗ್ತಿದೀನಿ. ಏನ್ಮಾಡ್ಲಿ?

ಉತ್ತರ: ಮೊದ್ಲು ಹಲ್ಲು ಕೀಳ್ಸೋದನ್ನ ನಿಲ್ಸಿ ತಾಯಿ. ಈ ಥರ ನೋವಿಗೆ ಒಂದಾದ್ಮೇಲೊಂದು ಒಳ್ಳೆ ಹಲ್ಲು ಕೀಳಿಸ್ಕೊಂಡು ಆಮೇಲೂ ನೋವು ಹಂಗೇ ಇದೆ ಅಂತ ಬರೋರನ್ನ ನೋಡಿದ್ರೆ ತುಂಬಾ ಸಂಕಟ ಆಗುತ್ತೆ. ಡೆಂಟಿಸ್ಟ್ ಹತ್ರ ಒಂದ್ಸಲ ತೋರಿಸಿ, ಹುಳುಕು ಕೀವು ಏನೂ ಇಲ್ಲ ಅಂದ್ರೆ ಅಲ್ಲಿಗೆ ಬಿಟ್ಬಿಡಿ.

ನೀವು ಬರೆದಿರೋದು ನೋಡಿದ್ರೆ ಇಲ್ಲಿ ಎರಡು ಬೇರೆ ಬೇರೆ ನೋವು ಸೇರ್ಕೊಂಡಿರೋ ಹಂಗಿದೆ. ಹಿಂದಲೆಯಿಂದ ಕಣ್ಣಿಗೆ ಬರೋದು ಹೆಚ್ಚಾಗಿ ಕತ್ತಿನ ಮೂಲದ ತಲೆನೋವು. ಸಿ5-ಸಿ6 ಹತ್ರದ ನರ ಹೋಗೋದು ಕೈಗೆ, ಮುಖಕ್ಕಲ್ಲ, ಹಾಗಾಗಿ ಸರ್ಜನ್ ಹೇಳಿದ್ದು ಅರ್ಧ ಸರಿ. ಆದ್ರೆ ಮುಖದ ನೋವನ್ನ ಮಿದುಳಿಗೆ ಒಯ್ಯೋ ಟ್ರೈಜೆಮಿನಲ್ ನರದ ಕೇಂದ್ರ ಇದ್ಯಲ್ಲ, ಅದು ಮಿದುಳಿನ ಬುಡದಿಂದ ಕತ್ತಿನ ಮೇಲ್ಭಾಗದವರೆಗೂ ಇಳಿದಿರುತ್ತೆ, ಕತ್ತಿನ ಮೊದಲ ಮೂರು ನರಗಳ ನೋವೂ ಅಲ್ಲೇ ಬಂದು ಸೇರುತ್ತೆ. ಒಂದೇ ಕಂಬಕ್ಕೆ ಎರಡು ಮನೆ ಲೈನ್ ಕೊಟ್ಟಂಗೆ. ಅದಕ್ಕೇ ಕತ್ತಿನ ಮೇಲಿನ ಕೀಲುಗಳಲ್ಲಿ ತೊಂದ್ರೆ ಆದ್ರೆ ನೋವು ಹಣೇಲಿ, ಕಣ್ಣಿನ ಹಿಂದೆ ಕಾಣಿಸ್ಕೊಳ್ಳುತ್ತೆ. ಆಪರೇಷನ್ ಆದ್ಮೇಲೆ ಕಾಲರ್ ಹಾಕಿ ಸ್ನಾಯು ಸೋತಿರುತ್ತೆ, ಒಂದು ಕಡೆ ಮೂಳೆ ಕೂಡಿಸಿದ್ರಿಂದ ಮಿಕ್ಕ ಕೀಲುಗಳು ಜಾಸ್ತಿ ದುಡೀಬೇಕು, ಅದ್ರ ಮೇಲೆ ನೀವು ಮತ್ತೆ ತಲೆ ಬಗ್ಗಿಸಿ ಮಿಷಿನ್ ಮುಂದೆ ಕೂತಿದ್ರೆ ಕತ್ತು ಬಿಗಿಯದೆ ಇನ್ನೇನು. ಇದು ನಿಮ್ಮ ಕಲ್ಪನೆ ಅಲ್ಲ, ಯಾರಾದ್ರೂ ಹಂಗಂದ್ರೆ ನಂಬ್ಬೇಡಿ.

ಕೆನ್ನೆದು ಬೇರೆ. ಮುಟ್ಟಿದ್ರೆ, ಗಾಳಿ ಬಡಿದ್ರೆ ಕೆಲವು ಸೆಕೆಂಡು, ಹೆಚ್ಚಂದ್ರೆ ಎರಡು ನಿಮಿಷ ಶಾಕ್ ಹೊಡೆದು ಬಿಡೋದು ಟ್ರೈಜೆಮಿನಲ್ ನ್ಯೂರಾಲ್ಜಿಯಾ, ಅಂದ್ರೆ ಆ ಮುಖದ ನರದ್ದೇ ನೋವಿನ ಲಕ್ಷಣ. ಬಹಳ ಜನಕ್ಕೆ ತಲೆ ಒಳಗೆ ಒಂದು ರಕ್ತನಾಳ ಆ ನರದ ಬುಡಕ್ಕೆ ಒತ್ಕೊಂಡಿರೋದ್ರಿಂದ ಇದು ಬರುತ್ತೆ, ಗಂಡಸರಿಗಿಂತ ಹೆಂಗಸರಲ್ಲಿ ಇದು ಜಾಸ್ತಿ, ಆಪರೇಷನ್ ಆದ ವರ್ಷಾನೇ ಬಂದಿದೆ ಅನ್ನೋದು ಬರೀ ಕಾಕತಾಳೀಯ ಇರಬಹುದು. ಕತ್ತಿನ ಎಂ.ಆರ್.ಐ.ನಲ್ಲಿ ಇದು ಕಾಣಲ್ಲ, ತಲೆಯದ್ದೇ ಬೇರೆ ಮಾಡಿಸ್ಬೇಕು. ಅದಕ್ಕೇ ನರರೋಗ ತಜ್ಞರನ್ನ ನೋಡಿ, ನಿಮ್ಮೂರಲ್ಲಿ ಆಗ್ಲಿಲ್ಲ ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಡಿಸ್ಚಾರ್ಜ್ ಸಮ್ಮರಿ, ಹಳೆ ಫಿಲ್ಮ್, ನುಂಗ್ತಿರೋ ಮಾತ್ರೆ ಶೀಟು ಎಲ್ಲಾ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ. ಯಾವ ನೋವು ಎಷ್ಟು ಹೊತ್ತು ಇತ್ತು, ಏನು ಮಾಡ್ದಾಗ ಬಂತು ಅಂತ ಒಂದೆರಡು ವಾರ ಬರೆದಿಟ್ರೆ ಸ್ಕ್ಯಾನಿಗಿಂತ ಅದೇ ಹೆಚ್ಚು ಹೇಳುತ್ತೆ.

ಕೆನ್ನೆ ನೋವಿಗೆ ಮೊದಲ ಔಷಧಿ ಕಾರ್ಬಮಜೆಪಿನ್. ಮಾಮೂಲಿ ನೋವಿನ ಮಾತ್ರೆ ಇದಕ್ಕೆ ಹತ್ತಲ್ಲ. ಕಡಿಮೆ ಡೋಸಿಂದ ಶುರು ಮಾಡಿ ನಿಧಾನಕ್ಕೆ ಏರಿಸ್ತಾರೆ, ಮೊದಮೊದಲು ತಲೆಸುತ್ತು ಮಂಪರು ಇರುತ್ತೆ, ರಕ್ತದಲ್ಲಿ ಸೋಡಿಯಂ ಇಳಿಯೋದ್ರಿಂದ ಮಧ್ಯೆ ಮಧ್ಯೆ ಟೆಸ್ಟ್ ಬೇಕು. ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಕಂಡ್ರೆ ಮಾತ್ರೆ ನಿಲ್ಸಿ ಅವತ್ತೇ ಆಸ್ಪತ್ರೆಗೆ ಓಡಿ, ಅದು ಪ್ರಾಣಕ್ಕೆ ಬರೋ ಅಲರ್ಜಿ ಆಗ್ಬಹುದು. ದಯವಿಟ್ಟು ಇದನ್ನ ಶಾಪಲ್ಲಿ ಕೇಳಿ ತಗೋಬೇಡಿ. ಔಷಧಿಗೆ ಬಗ್ಗದಿದ್ರೆ ಆ ರಕ್ತನಾಳವನ್ನ ನರದಿಂದ ಬಿಡಿಸೋ ಆಪರೇಷನ್ ಇದೆ, ಅದು ಆಮೇಲಿನ ಮಾತು.

ಕತ್ತಿನ ತಲೆನೋವಿಗೆ ಫಿಸಿಯೋಥೆರಪಿ ಮುಖ್ಯ, ಆದ್ರೆ ಮೂಳೆ ಕೂಡಿದೆ ಅಂತ ಸರ್ಜನ್ ಹೇಳಿದ್ಮೇಲೆ. ಹಿಂದಲೆ ನರಕ್ಕೆ ಇಂಜೆಕ್ಷನ್ ಕೊಟ್ಟು ನೋಡೋದೂ ಉಂಟು. ಉಳುಕು ತೆಗೆಯೋರ ಹತ್ರ ಕತ್ತು ತಿರುಗಿಸ್ಕೊಂಡು ನೆಟಿಕೆ ಮುರಿಸ್ಕೋಬೇಡಿ, ಒಳಗೆ ಪ್ಲೇಟ್ ಇದೆ. ಹೊಲಿಗೆ ಬಿಡ್ಬೇಕಾಗಿಲ್ಲ, ಮಿಷಿನ್ ಸ್ವಲ್ಪ ಎತ್ತರಕ್ಕಿಟ್ಟು ಅರ್ಧರ್ಧ ಗಂಟೆಗೆ ಎದ್ದು ಓಡಾಡಿ. ಇನ್ನು ಆ ದಿನಾ ನುಂಗೋ ಮಾತ್ರೆ: ತಿಂಗಳಲ್ಲಿ 15 ದಿನಕ್ಕಿಂತ ಹೆಚ್ಚು ಹಿಂಗೇ ಮೂರು ತಿಂಗಳು ತಗೊಂಡ್ರೆ ಆ ಮಾತ್ರೆಯಿಂದಲೇ ತಲೆನೋವು ಬರುತ್ತೆ, ಹೊಟ್ಟೆ, ಕಿಡ್ನಿಗೂ ಪೆಟ್ಟು, ಆದಷ್ಟು ಬೇಗ ಡಾಕ್ಟ್ರಿಗೆ ಹೇಳಿ ಬಿಡಿಸ್ಕೊಳ್ಳಿ.

ಇದರ ಮಧ್ಯೆ ಜ್ವರದ ಜೊತೆ ಕತ್ತು ಸೆಟೆದುಕೊಂಡ್ರೆ, ಕೈಕಾಲು ಬಲ ಕಮ್ಮಿ ಆದ್ರೆ, ನಡೆಯುವಾಗ ತೂರಾಡಿದಂಗಾದ್ರೆ, ಮೂತ್ರ ಕಟ್ಟಿದ್ರೆ, ಒಂದು ಕಣ್ಣಿನ ರೆಪ್ಪೆ ಇಳಿಬಿದ್ರೆ, ಇಲ್ಲ ಹಿಂದೆಂದೂ ಬರದಂಥ ತಲೆನೋವು ಇದ್ದಕ್ಕಿದ್ದಂಗೆ ಹೊಡೆದ್ರೆ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ರಾತ್ರಿಯಾದ್ರೂ ಸರಿ ಎಮರ್ಜೆನ್ಸಿಗೆ ಹೋಗಿ.